ಎರಡನೇ ಸಿಸೇರಿಯನ್, ಒಂದು ಸಹಿ: ನಮ್ಮ ಧರ್ಮಕೇಂದ್ರದ ಒಂದು ಪ್ರಕರಣ

ಕಥೋಲಿಕ ಚರ್ಚಿನ ಮದುವೆ ತಯಾರಿ ಶಿಬಿರಗಳಲ್ಲಿ ಕೆಲಸ ಮಾಡುವ ಬೇರೆ ಊರಿನವರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. ಮತ್ತೆ ಮಕ್ಕಳಾಗದ ಹಾಗೆ ಮಾಡಿಸುವ ಆಪರೇಷನ್ ವಿಷಯದಲ್ಲಿ ಧರ್ಮಸಭೆ, ಅಂದರೆ ಕಥೋಲಿಕ ಚರ್ಚ್, ಒಂದು ಹೇಳುತ್ತದೆ, ನಮ್ಮವರೇ ಮೈಕ್ ಹಿಡಿದು ಇನ್ನೊಂದು ಹೇಳುತ್ತಾರೆ, ಆಗ ಏನು ಮಾಡೋದು? ಹೊರಗಿನವರು ವಿರೋಧಿಸಿದರೆ ಹೇಗೋ ಉತ್ತರ ಕೊಡಬಹುದು. ಪಕ್ಕದ ಬೆಂಚಿನಲ್ಲಿ ಪೂಜೆಗೆ ಕೂರುವವರು, ನಮ್ಮ ಮಕ್ಕಳ ಜ್ಞಾನಸ್ನಾನಕ್ಕೆ ಬಂದು ಊಟ ಮಾಡಿ ಹೋದವರು ಹೇಳಿದಾಗ ಗಂಟಲು ಕಟ್ಟುತ್ತದೆ. ನಮ್ಮಲ್ಲಿ ಹೀಗಾದಾಗ ನಾವು ಏನು ಮಾಡಿದೆವು, ಅದರಲ್ಲಿ ನಾನು ಎಲ್ಲಿ ತಪ್ಪಿದೆ ಅನ್ನುವುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಇದು ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಚಿಕ್ಕ ಧರ್ಮಕೇಂದ್ರ, ಅಂದರೆ ಒಂದು ಚರ್ಚಿಗೆ ಸೇರಿದ ಮನೆಗಳ ಸಮುದಾಯ. ಊರಿನ ಹೆಸರು ಬೇಡ, ವರ್ಷವೂ ಬೇಡ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಸಂಬಂಧಪಟ್ಟ ಗಂಡ ಹೆಂಡತಿ ಇಬ್ಬರೂ ಓದಿ, ಎರಡು ಕಡೆ ತಿದ್ದಿ, ಆಮೇಲೆ ಒಪ್ಪಿಗೆ ಕೊಟ್ಟಿದ್ದಾರೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಪಾಠ ಮಾಡುವವಳು, ಅವಳನ್ನು ಟೀಚರ್ ಅಂತಲೇ ಕರೆಯುತ್ತೇನೆ. ಗಂಡನಿಗೆ ಎರಡು ಎಕರೆ ಅಡಿಕೆ ತೋಟ, ಜೊತೆಗೆ ಒಂದು ಗೂಡ್ಸ್ ಆಟೋ. ನಾನೂ ನನ್ನ ಯಜಮಾನರೂ ಹನ್ನೊಂದು ವರ್ಷದಿಂದ ಮದುವೆ ತಯಾರಿ ತಂಡದಲ್ಲಿದ್ದೇವೆ.

ಹಿನ್ನೆಲೆ

ಮಲೆನಾಡಿನ ಕಥೋಲಿಕರಲ್ಲಿ ಬಹಳಷ್ಟು ಜನರ ಹಿರಿಯರು ದಕ್ಷಿಣ ಕನ್ನಡದಿಂದ ಘಟ್ಟ ಹತ್ತಿ ಬಂದವರು. ತೋಟದ ಕೆಲಸಕ್ಕೆ, ಸ್ವಲ್ಪ ಭೂಮಿಗೆ, ಬದುಕಿಗೆ ಅಂತ ಬಂದವರು. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಕನ್ನಡ. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಆಯಿತು, ಅದರಿಂದ 1988ರಲ್ಲಿ ಶಿವಮೊಗ್ಗ ಬೇರೆಯಾಯಿತು. ನಮ್ಮದು ತೊಂಬತ್ತು ಚಿಲ್ಲರೆ ಮನೆಗಳ ಧರ್ಮಕೇಂದ್ರ. ಮನೆಯಿಂದ ಮನೆಗೆ ದೂರ, ಮಳೆಗಾಲದಲ್ಲಂತೂ ಇನ್ನೂ ದೂರ. ಇಷ್ಟು ದೂರ ಇದ್ದರೂ ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾವಾಗ "ಆಪರೇಷನ್ ಆಯ್ತು" ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಯಾರೂ ಮಾತಾಡುವುದಿಲ್ಲ.

ನಮ್ಮ ಕಡೆ ಬರೀ "ಆಪರೇಷನ್" ಅಂದರೆ ಅರ್ಥ ಒಂದೇ. ಎರಡನೇ ಹೆರಿಗೆ ಆದ ಮೇಲೆ ಹೆಂಗಸರಿಗೆ ಮಾಡುವ, ಮತ್ತೆ ಮಕ್ಕಳಾಗದ ಹಾಗೆ ನಾಳ ಕಟ್ಟುವ ಶಸ್ತ್ರಚಿಕಿತ್ಸೆ. ಅದು ಎಷ್ಟು ಮಾಮೂಲಿ ಆಗಿಬಿಟ್ಟಿದೆ ಅಂದರೆ ಅದನ್ನು ಒಂದು ನಿರ್ಧಾರ ಅಂತಲೇ ಯಾರೂ ನೋಡುವುದಿಲ್ಲ. ನಾಮಕರಣದ ಹಾಗೆ ಅದೂ ಒಂದು ಹಂತ, ಅಷ್ಟೇ.

ಧರ್ಮಸಭೆಯ ಬೋಧನೆ ಮಾತ್ರ ಸ್ಪಷ್ಟವಾಗಿದೆ. 1968ರ ಜುಲೈ 25ರಂದು ಪೋಪ್ ಆರನೇ ಪೌಲರು ಹೊರಡಿಸಿದ ಹ್ಯೂಮಾನೆ ವಿಟೆ ಎಂಬ ಪತ್ರದ 14ನೇ ಭಾಗ, ಮಕ್ಕಳಾಗಬಾರದೆಂಬ ಉದ್ದೇಶದಿಂದಲೇ ಮಾಡಿಸುವ ಇಂಥ ಶಸ್ತ್ರಚಿಕಿತ್ಸೆಯನ್ನು, ಗಂಡಸಿಗಾಗಲಿ ಹೆಂಗಸಿಗಾಗಲಿ, ಒಪ್ಪುವುದಿಲ್ಲ. ಹಾಗಂತ ಅದು "ಹೆರುತ್ತಾ ಹೋಗಿ" ಅನ್ನುವುದೂ ಇಲ್ಲ. 10ನೇ ಭಾಗ ಜವಾಬ್ದಾರಿಯ ತಂದೆತಾಯ್ತನದ ಬಗ್ಗೆ ಹೇಳುತ್ತದೆ. ಗಂಭೀರ ಕಾರಣ ಇದ್ದರೆ ಗರ್ಭ ನಿಲ್ಲುವ ದಿನಗಳನ್ನು ಬಿಟ್ಟು ಸಂಸಾರ ಮಾಡಬಹುದು ಅಂತ 16ನೇ ಭಾಗ ಹೇಳುತ್ತದೆ. ದೇಹಕ್ಕೆ ಬಂದ ಕಾಯಿಲೆ ವಾಸಿ ಮಾಡಲು ಬೇಕಾದ ಚಿಕಿತ್ಸೆಯಿಂದ ಮಕ್ಕಳಾಗುವುದು ನಿಂತರೆ ಅದು ತಪ್ಪಲ್ಲ ಅಂತ 15ನೇ ಭಾಗದಲ್ಲಿದೆ. ಈ ನಾಲ್ಕನ್ನೂ ಒಟ್ಟಿಗೆ ಓದಿದವರು ನಮ್ಮ ತಂಡದಲ್ಲಿ ಆಗ ಯಾರೂ ಇರಲಿಲ್ಲ. ನಾನೂ ಓದಿದ್ದು 14ನೇ ಭಾಗ ಒಂದನ್ನೇ.

ಶಿಬಿರದ ಆ ಮಧ್ಯಾಹ್ನ

ಕುಟುಂಬ ಯೋಜನೆಯ ವಿಷಯಕ್ಕೆ ಹೊರಗಿನಿಂದ ಒಬ್ಬರು ಸಂಪನ್ಮೂಲ ವ್ಯಕ್ತಿ ಬರುತ್ತಿದ್ದರು. ಕಥೋಲಿಕರೇ, ಚೆನ್ನಾಗಿ ಓದಿಕೊಂಡವರು, ಮಾತು ಬಲ್ಲವರು, ಜೋಡಿಗಳಿಗೆ ತುಂಬಾ ಇಷ್ಟ. ಆ ವರ್ಷ ಹದಿನಾಲ್ಕು ಜೋಡಿಗಳಿದ್ದವು. ಟೀಚರ್ ಮತ್ತು ಅವಳನ್ನು ಮದುವೆಯಾಗುವ ಹುಡುಗ ಮೂರನೇ ಸಾಲಿನಲ್ಲಿದ್ದರು.

ಅವರು ಹೇಳಿದ್ದು ಹೆಚ್ಚು ಕಡಿಮೆ ಹೀಗಿತ್ತು. ಆ ಪತ್ರ ಬರುವ ಮೊದಲು ಪೋಪರೇ ನೇಮಿಸಿದ್ದ ಸಮಿತಿಯಲ್ಲಿ ಜಾಸ್ತಿ ಜನ ನಿಯಮ ಬದಲಿಸಬೇಕು ಅಂದಿದ್ದರು, ಪೋಪ್ ಕೇಳಲಿಲ್ಲ. ಅದು ತಪ್ಪಾಗಲಾರದ ಬೋಧನೆ ಅಂತ ಘೋಷಣೆ ಆದದ್ದಲ್ಲ. ಕೆನಡಾದ ಬಿಷಪರು ಅದೇ 1968ರ ಸೆಪ್ಟೆಂಬರಿನಲ್ಲಿ, ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಒಪ್ಪಲಾಗದವರು ತಮಗೆ ಸರಿ ಕಂಡ ದಾರಿ ಹಿಡಿಯಬಹುದು ಅನ್ನುವ ಅರ್ಥದಲ್ಲಿ ಹೇಳಿದ್ದಾರೆ. ಕೊನೆಗೆ ನಿಮ್ಮ ಮನಸ್ಸಾಕ್ಷಿಯೇ ದೊಡ್ಡದು. ಎರಡು ಮಕ್ಕಳಾದ ಮೇಲೆ ಆಪರೇಷನ್ ಮಾಡಿಸಿಕೊಳ್ಳಿ, ಅದಕ್ಕೆ ಪಾಪನಿವೇದನೆಗೆ ಹೋಗಿ ಫಾದರ್ ಸಮಯ ಹಾಳು ಮಾಡಬೇಡಿ.

ಇದರಲ್ಲಿ ಮೊದಲ ಮೂರು ಮಾತಿಗೆ ಇತಿಹಾಸದ ಆಧಾರ ಇದೆ, ಅದನ್ನು ಮುಚ್ಚಿಡಬಾರದು. ಸಮಿತಿಯ ಹೆಚ್ಚಿನವರು 1966ರಲ್ಲಿ ಹಾಗೆ ಸಲಹೆ ಕೊಟ್ಟದ್ದು ನಿಜ. ಆದರೆ ಸಮಿತಿಯ ಕೆಲಸ ಸಲಹೆ ಕೊಡುವುದು, ತೀರ್ಮಾನ ಪೇತ್ರರ ಪೀಠದ್ದು, ಅಂದರೆ ಪೋಪರದ್ದು. ತಪ್ಪಾಗಲಾರದ ಘೋಷಣೆ ಅಲ್ಲದಿದ್ದರೆ ಬಿಡಬಹುದು ಅನ್ನುವುದಕ್ಕೆ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯೇ ಉತ್ತರ ಕೊಟ್ಟಿದೆ. ಅದು ಹೊರಡಿಸಿದ 1964ರ ಲೂಮೆನ್ ಜೆನ್ಸಿಯುಂ ಎಂಬ ದಾಖಲೆ, 25ನೇ ಭಾಗ: ಪೋಪ್ ಹಾಗೆ ಘೋಷಿಸದೆ ಕಲಿಸಿದಾಗಲೂ ಬುದ್ಧಿ ಮತ್ತು ಮನಸ್ಸು ಎರಡನ್ನೂ ಭಕ್ತಿಯಿಂದ ಒಪ್ಪಿಸಬೇಕು. ಇನ್ನು ಮನಸ್ಸಾಕ್ಷಿ. ಅದನ್ನು ತಿದ್ದಿ ಬೆಳೆಸಬೇಕು, ಅದು ದಾರಿ ತಪ್ಪಲೂಬಹುದು ಅಂತ ಧರ್ಮಸಭೆಯ ಬೋಧನೆಯ ಗ್ರಂಥವಾದ ಕೆಟೆಕಿಸಂ ಹೇಳುತ್ತದೆ. ಅದು ಕಾನೂನನ್ನು ಕೇಳಿಸಿಕೊಳ್ಳುವ ಕಿವಿ, ಕಾನೂನು ಬರೆಯುವ ಕೈ ಅಲ್ಲ. ಈ ವಿಷಯದಲ್ಲಿ ನನ್ನ ನಿಲುವು ಅವತ್ತೂ ಇದೇ, ಇವತ್ತೂ ಇದೇ.

ಆದರೆ ಅವತ್ತು ನಾನು ಮಾಡಿದ್ದೇನು? ಎದ್ದು ನಿಂತು, "ನೀವು ಹೇಳ್ತಿರೋದು ಕಥೋಲಿಕ ಬೋಧನೆ ಅಲ್ಲ" ಅಂದೆ. ಅವರು ನಕ್ಕು, "ಮೇಡಂ ಹಳೇ ಕಾಲದವರು" ಅಂದರು. ನನಗೆ ಸಿಟ್ಟು ಬಂತು. ಇಪ್ಪತ್ತು ನಿಮಿಷ ಇಬ್ಬರೂ ಜಗಳ ಆಡಿದೆವು. ಜೋಡಿಗಳು ಮೊದಲು ನಮ್ಮ ಮುಖ ನೋಡಿದರು, ಆಮೇಲೆ ಮೊಬೈಲ್ ನೋಡಿದರು. ಆ ಮಧ್ಯಾಹ್ನ ಅಲ್ಲಿ ಯಾರೂ ಏನೂ ಕಲಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಟೀಚರ್ ಹೇಳಿದಳು: "ಆಂಟಿ, ಅವತ್ತು ನಮಗೆ ಅರ್ಥ ಆಗಿದ್ದು ಇಷ್ಟೇ, ಚರ್ಚಿನವರಿಗೇ ಇದರಲ್ಲಿ ಒಮ್ಮತ ಇಲ್ಲ ಅಂತ."

ನನ್ನ ತಪ್ಪು

ಅದೇ ವಾರ ರಾತ್ರಿ ಧರ್ಮಕೇಂದ್ರದ ವಾಟ್ಸಾಪ್ ಗ್ರೂಪಿಗೆ ಒಂದು ಉದ್ದದ ಸಂದೇಶ ಹಾಕಿದೆ. ಆಪರೇಷನ್ ಮಾರಕ ಪಾಪ, ಮಾಡಿಸಿಕೊಂಡವರು ಪೂಜೆಯಲ್ಲಿ ಕೊಡುವ ಪರಮಪ್ರಸಾದಕ್ಕೆ ಹೋಗುವ ಮೊದಲು ಯೋಚಿಸಬೇಕು, ಹೀಗೆಲ್ಲ. ಒಂದೊಂದು ವಾಕ್ಯವನ್ನೂ ಬಿಡಿಸಿ ನೋಡಿದರೆ ನಾನು ಸುಳ್ಳು ಬರೆದಿರಲಿಲ್ಲ. ಆದರೆ ಆ ಗ್ರೂಪಿನಲ್ಲಿ ಯಾರಿದ್ದಾರೆ ಅಂತ ಯೋಚಿಸಿರಲಿಲ್ಲ. ನನ್ನ ಕಣ್ಣೆದುರು ಇದ್ದದ್ದು ಆ ಭಾಷಣಕಾರರು ಒಬ್ಬರೇ, ಅವರಾದರೋ ಆ ಗ್ರೂಪಿನಲ್ಲೇ ಇರಲಿಲ್ಲ.

ಇದ್ದವರಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಇದ್ದಳು. ಪ್ರತಿ ಭಾನುವಾರ ಎಡಗಡೆ ಎರಡನೇ ಬೆಂಚಿನಲ್ಲಿ ಕೂರುವವಳು. ಮುಂದಿನ ಭಾನುವಾರ ಕೊನೆಯ ಬೆಂಚಿನಲ್ಲಿ ಕೂತಳು, ಪರಮಪ್ರಸಾದಕ್ಕೆ ಎದ್ದು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ನಾನು ಗಮನಿಸಿರಲೇ ಇಲ್ಲ. ಆರು ವಾರ ಆದ ಮೇಲೆ ನನ್ನ ಯಜಮಾನರು, "ನಿನ್ನ ಮೆಸೇಜಿಗೆ ಅವಳು ಉತ್ತರ ಕೊಡ್ತಿದ್ದಾಳೆ, ನೋಡಿದ್ಯಾ?" ಅಂದಾಗ ನನಗೆ ಎದೆ ಧಸಕ್ಕೆಂದಿತು.

ಆಗಲೂ ನಾನು ಅವಳ ಮನೆಗೆ ಹೋಗಲಿಲ್ಲ. ನಾಚಿಕೆ ಅಡ್ಡ ಬಂತು. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಬರೆದ ಸಂದೇಶಕ್ಕಿಂತ ಹೋಗದೆ ಉಳಿದ ಆ ತಿಂಗಳುಗಳು.

ಪತ್ರ, ಮತ್ತು ಫಾದರ್ ಓದಿದ ಇನ್ನರ್ಧ

ಆಮೇಲೆ ಮಾಡಿದ್ದು ಸ್ವಲ್ಪ ಸರಿಯಾದ ಕೆಲಸ. ಧರ್ಮಸಭೆಯ 1983ರ ಕಾನೂನಿನಲ್ಲಿ 212ನೇ ವಿಧಿ ಅಂತ ಇದೆ. ಧರ್ಮಸಭೆಯ ಒಳಿತಿಗೆ ಸಂಬಂಧಪಟ್ಟ ವಿಷಯದಲ್ಲಿ ತಮಗೆ ಅನಿಸಿದ್ದನ್ನು ಗುರುಗಳಿಗೆ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯ, ವಿಶ್ವಾಸಿಗಳಿಗೆ ಇದೆ ಅಂತ ಅದು ಹೇಳುತ್ತದೆ. ಗೌರವ ಬಿಡಬಾರದು, ಜನರ ಮಾನ ಕಾಯಬೇಕು ಅಂತಲೂ ಹೇಳುತ್ತದೆ. ಊರೆಲ್ಲ ಮಾತಾಡುವ ಬದಲು ಧರ್ಮಕೇಂದ್ರದ ಗುರುಗಳಿಗೆ ಎರಡು ಪುಟದ ಪತ್ರ ಬರೆದೆ. ಭಾಷಣದಲ್ಲಿ ಕೇಳಿದ ಮಾತುಗಳನ್ನು ಆದಷ್ಟು ಹಾಗೆಯೇ ಬರೆದೆ. ಅವರ ಸ್ವಭಾವದ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಮೊದಲ ಕರಡಿನಲ್ಲಿ ಬರೆದಿದ್ದೆ, ಯಜಮಾನರು ಹೊಡೆದು ಹಾಕಿದರು. ಹ್ಯೂಮಾನೆ ವಿಟೆಯ 29ನೇ ಭಾಗದಿಂದ ಒಂದು ಮಾತನ್ನೂ ಸೇರಿಸಿದೆ: ಕ್ರಿಸ್ತರ ರಕ್ಷಣೆಯ ಬೋಧನೆಯಲ್ಲಿ ಏನನ್ನೂ ಕಡಿಮೆ ಮಾಡದೆ ಇರುವುದೇ ಆತ್ಮಗಳಿಗೆ ತೋರುವ ದೊಡ್ಡ ಪ್ರೀತಿ.

ಫಾದರ್ ಕರೆಸಿದರು. ಪತ್ರ ಕೈಯಲ್ಲಿತ್ತು. "ನೀವು ಬರೆದದ್ದೆಲ್ಲ ಸರಿ" ಅಂದರು. ನಾನು ಉಸಿರು ಬಿಟ್ಟೆ. ಆಮೇಲೆ, "ಆದ್ರೆ ಈ ವಾಕ್ಯದ ಮುಂದೆ ಏನಿದೆ ಓದಿದ್ದೀರಾ?" ಅಂತ ಕೇಳಿ ತಾವೇ ಹೇಳಿದರು. ಈ ಪ್ರೀತಿಯ ಜೊತೆ ತಾಳ್ಮೆ ಇರಬೇಕು, ಪ್ರಭು ಜನರ ಜೊತೆ ನಡೆದುಕೊಂಡ ಹಾಗೆ ನಡೆದುಕೊಳ್ಳಬೇಕು ಅಂತ ಅದೇ ಪ್ಯಾರಾದಲ್ಲಿ ಇದೆ. ನಾನು ಅರ್ಧ ಮಾತ್ರ ಬರೆದಿದ್ದೆ. ಆ ಭಾಷಣಕಾರರು ಇನ್ನರ್ಧ ಮಾತ್ರ ಹೇಳುತ್ತಿದ್ದರು.

ಮುಂದಿನ ವರ್ಷದಿಂದ ಅವರನ್ನು ಆ ವಿಷಯಕ್ಕೆ ಕರೆಯಲಿಲ್ಲ. ಫಾದರ್ ಅವರೊಡನೆ ಖಾಸಗಿಯಾಗಿ ಮಾತಾಡಿದರು, ಏನು ಮಾತಾಯಿತು ಅಂತ ನನಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಪಾಲನಾ ಸಮಿತಿಯಲ್ಲಿ ಇಬ್ಬರು ಮುನಿಸಿಕೊಂಡರು. ಆ ಒಂದು ಗಂಟೆಯ ಪಾಠವನ್ನು ಫಾದರ್ ತಾವೇ ತೆಗೆದುಕೊಂಡರು. ನಾನು ಗೆದ್ದೆ ಅಂದುಕೊಂಡೆ. ಸುಮಾರು ಒಂದೂವರೆ ವರ್ಷ ಹಾಗೇ ಅಂದುಕೊಂಡಿದ್ದೆ.

ಟೀಚರ್ ಬಂದಳು

ಜುಲೈ ತಿಂಗಳು, ಜಡಿ ಮಳೆ, ಕರೆಂಟ್ ಇಲ್ಲ. ಛತ್ರಿ ಮಡಚಿ ಜಗಲಿಯಲ್ಲಿ ನಿಂತಳು. ಏಳನೇ ತಿಂಗಳು. ಮೊದಲ ಮಗು ಸಿಸೇರಿಯನ್, ಅದಕ್ಕೆ ಒಂದು ವರ್ಷ ತುಂಬಿ ಎರಡೇ ತಿಂಗಳಾಗುವಷ್ಟರಲ್ಲಿ ಇದು ನಿಂತಿತ್ತು. ಡಾಕ್ಟರ್ ಇದೂ ಸಿಸೇರಿಯನ್ನೇ ಅಂದಿದ್ದರು. ಮೂರನೆಯದು ಬೇಗ ನಿಂತರೆ ಗರ್ಭಕೋಶದ ಹಳೇ ಹೊಲಿಗೆ ಬಿಡುವ ಭಯ ಇದೆ, ಹೊಟ್ಟೆ ತೆರೆದಾಗಲೇ ಆಪರೇಷನ್ನೂ ಮುಗಿಸಿಬಿಡೋಣ ಅಂದಿದ್ದರು. ಕೆಟ್ಟ ಡಾಕ್ಟರ್ ಅಲ್ಲ. ಅವರ ಭಯಕ್ಕೆ ಕಾರಣ ಇತ್ತು.

ನನ್ನ ಬಳಿ ಬರುವ ಮೊದಲೇ ಅವಳು ಮೂರು ಜನರನ್ನು ಕೇಳಿದ್ದಳು, ಮೂವರೂ ನಮ್ಮವರೇ. ನರ್ಸ್ ಕೆಲಸ ಮಾಡುವ ಒಬ್ಬ ಸಿಸ್ಟರ್ "ಮಾಡಿಸ್ಕೋಮ್ಮಾ, ದೇವರು ಕರುಣಾಮಯಿ" ಅಂದರು. ಪಾಲನಾ ಸಮಿತಿಯ ಒಬ್ಬ ಹಿರಿಯರು "ನಮ್ಮ ಮನೇಲಿ ಎಲ್ಲರಿಗೂ ಆಗಿದೆ, ಯಾರಿಗೂ ಏನೂ ಆಗಿಲ್ಲ" ಅಂದರು. ಶಿಬಿರದ ಆ ಭಾಷಣಕಾರರ ನಂಬರ್ ಅವಳ ಹತ್ತಿರ ಇನ್ನೂ ಇತ್ತು. ಅವರು ಫೋನಿನಲ್ಲಿ ಮೆಲ್ಲಗೆ, ಪ್ರೀತಿಯಿಂದ, "ನಿನ್ನ ಮನಸ್ಸಾಕ್ಷಿ ಏನು ಹೇಳುತ್ತೋ ಅದು ಮಾಡು ಮಗಳೇ" ಅಂದರು.

ಅವಳು ನನಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಎಲ್ಲರೂ ನನ್ನ ಮನಸ್ಸಾಕ್ಷಿ ಕೇಳು ಅಂತಾರೆ ಆಂಟಿ. ನನ್ನ ಮನಸ್ಸಾಕ್ಷಿ ಕೇಳ್ತಿರೋದೇ, ಯಾವುದು ಸರಿ ಅಂತ."

ನಾನು ಅವಳಿಗೆ ಬೋಧನೆ ಹೇಳಿದೆ. ಈ ಸಲ ನಾಲ್ಕೂ ಭಾಗ ಹೇಳಿದೆ. ಅವಳದ್ದು ಗಂಭೀರ ಕಾರಣವೇ, ಮೂರನೇ ಗರ್ಭವನ್ನು ದೂರ ಇಡುವುದು ಅವಳಿಗೆ ಪಾಪವಲ್ಲ, ಹೇಗೆ ದೂರ ಇಡುವುದು ಅನ್ನುವುದೇ ಪ್ರಶ್ನೆ ಅಂದೆ. ಅವಳು ಕಣ್ಣು ಒರೆಸಿಕೊಂಡು, "ಸರಿ, ಹಾಗಾದ್ರೆ ಹೇಗೆ? ನನಗೆ ಯಾರು ಕಲಿಸ್ತಾರೆ?" ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದೂವರೆ ವರ್ಷ ಒಬ್ಬರ ಮೈಕ್ ಕಿತ್ತುಕೊಳ್ಳುವುದರಲ್ಲಿ ಕಳೆದಿದ್ದೆ. ನಮ್ಮ ಇಡೀ ಧರ್ಮಕೇಂದ್ರದಲ್ಲಿ ನೈಸರ್ಗಿಕ ವಿಧಾನ ಕಲಿಸಬಲ್ಲವರು ಒಬ್ಬರೂ ಇರಲಿಲ್ಲ. ಪೋಪ್ ಎರಡನೇ ಜಾನ್ ಪೌಲರು 1981ರಲ್ಲಿ ಕುಟುಂಬದ ಬಗ್ಗೆ ಬರೆದ ಫಮಿಲಿಯಾರಿಸ್ ಕೊನ್ಸೋರ್ಸಿಯೋ ಎಂಬ ಪತ್ರದಲ್ಲಿ ಸಾಫ್ ಹೇಳಿದ್ದಾರೆ, ದಂಪತಿಗಳಿಗೆ ಇದನ್ನು ಕಲಿಸುವ ಏರ್ಪಾಡು ಮಾಡುವುದು ಧರ್ಮಸಭೆಯ ಸಮುದಾಯದ ಹೊಣೆ ಅಂತ. ನಾವು ಬೋಧನೆಯ ಹೊರೆ ಅವಳ ತಲೆ ಮೇಲೆ ಇಟ್ಟು, ಹೊರುವುದಕ್ಕೆ ಕೈ ಕೊಟ್ಟಿರಲಿಲ್ಲ. ಇದು ಭಿನ್ನಮತ ಅಲ್ಲ ನಿಜ, ಆದರೆ ಭಿನ್ನಮತಕ್ಕೆ ಜಾಗ ಮಾಡಿಕೊಡುವುದು ಇದೇ ಅಂತ ನನಗೆ ಆ ಜಗಲಿಯಲ್ಲಿ ಗೊತ್ತಾಯಿತು.

ಎರಡು ತಿಂಗಳ ತಯಾರಿ

ಮಾರನೇ ದಿನದಿಂದ ಫೋನ್ ಮಾಡಲು ಶುರು ಮಾಡಿದೆ. ಘಟ್ಟದ ಕೆಳಗೆ ಒಬ್ಬ ಸಿಸ್ಟರ್ ಬಿಲ್ಲಿಂಗ್ಸ್ ವಿಧಾನ ಕಲಿಸುತ್ತಾರೆ ಅಂತ ಗೊತ್ತಾಯಿತು. ಆಸ್ಟ್ರೇಲಿಯಾದ ಡಾಕ್ಟರ್ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ರೂಪಿಸಿದ್ದು ಇದು. ಹೆಂಗಸು ತನ್ನ ದೇಹದ ಲೋಳೆ ಸ್ರಾವ ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ ಅಂತ ನೋಡಿ ಪ್ರತಿ ರಾತ್ರಿ ಒಂದು ಹಾಳೆಯಲ್ಲಿ ಗುರುತು ಹಾಕಬೇಕು. ಮಾತ್ರೆ ಇಲ್ಲ, ಯಂತ್ರ ಇಲ್ಲ. ಮದರ್ ತೆರೇಸಾ ಅವರ ಸಿಸ್ಟರುಗಳು ಕಲ್ಕತ್ತೆಯ ಬಡ ಕುಟುಂಬಗಳಿಗೆ ನೈಸರ್ಗಿಕ ವಿಧಾನ ಕಲಿಸುತ್ತಿದ್ದರು, 1979ರ ನೊಬೆಲ್ ಭಾಷಣದಲ್ಲೇ ಮದರ್ ಅದನ್ನು ಹೇಳಿದ್ದಾರೆ. ಓದು ಬಾರದವರು ಕಲಿತಿದ್ದಾರೆ ಅಂದರೆ ಟೀಚರ್ ಕಲಿಯಲಾರಳಾ ಅಂತ ನನಗೆ ಧೈರ್ಯ ಬಂತು.

ಇನ್ನೊಂದು ಪ್ರಶ್ನೆ ಅವಳ ಗಂಡನದ್ದು. "ಹೊಟ್ಟೆ ತೆರೆದಾಗ ಗರ್ಭಕೋಶವೇ ಹರಿದು ರಕ್ತ ನಿಲ್ಲದಿದ್ರೆ? ಆಗಲೂ ಬೇಡ ಅನ್ಬೇಕಾ?" ಇದನ್ನು ಫಾದರ್ ಹುಡುಕಿ ತಂದರು. ಇದೇ ಪ್ರಶ್ನೆಗೆ ವ್ಯಾಟಿಕನ್ 1993ರ ಜುಲೈ 31ರಂದು ಉತ್ತರ ಕೊಟ್ಟಿದೆ. ಹೆರಿಗೆಯಲ್ಲೋ ಸಿಸೇರಿಯನ್‌ನಲ್ಲೋ ಗರ್ಭಕೋಶಕ್ಕೆ ಆದ ಗಾಯದಿಂದ ತಾಯಿಯ ಜೀವಕ್ಕೆ ಈಗಲೇ ಅಪಾಯ ಇದ್ದರೆ ಅದನ್ನು ತೆಗೆಯಬಹುದು. ಮುಂದೆ ಎಂದಾದರೂ ಗರ್ಭ ನಿಂತರೆ ಅಪಾಯ ಆಗಬಹುದು ಅನ್ನುವ ಕಾರಣಕ್ಕೆ ಈಗ ತೆಗೆಯುವುದು ಅಥವಾ ನಾಳ ಕಟ್ಟುವುದು ಸರಿಯಲ್ಲ. ಆ ಹುಡುಗನ ಮುಖ ಅವತ್ತು ಸಡಿಲವಾದದ್ದು ನೋಡಬೇಕಿತ್ತು. ಹೆಂಡತಿ ಸತ್ತರೂ ಪರವಾಗಿಲ್ಲ ಅಂತ ಧರ್ಮಸಭೆ ಹೇಳುತ್ತದೆ ಅಂತಲೇ ಅವನು ಅಲ್ಲಿಯವರೆಗೆ ನಂಬಿದ್ದ. ಹಾಗೆ ನಂಬಿಸಿದವರು ನಾವೇ, ಅರ್ಧ ಹೇಳಿ.

ಇಬ್ಬರೂ ಡಾಕ್ಟರ್ ಹತ್ತಿರ ಮೊದಲೇ ಹೋಗಿ ಹೇಳಿದರು. ಜೀವಕ್ಕೆ ಬಂದರೆ ಏನು ಬೇಕೋ ಮಾಡಿ, ಸುಮ್ನೆ ನಾಳ ಕಟ್ಟಬೇಡಿ. ಡಾಕ್ಟರ್ ಬೇಸರ ಪಟ್ಟುಕೊಂಡರು. "ನನಗೆ ಈ ಹುಡುಗಿ ಜೀವ ಮುಖ್ಯ. ಮೂರನೆಯದು ಬೇಗ ಬಂದ್ರೆ ನನ್ನ ಹತ್ತಿರವೇ ಬರ್ತೀರಿ" ಅಂದರು. ಆದರೂ ಕೇಸ್ ಶೀಟಿನಲ್ಲಿ ಬರೆದುಕೊಂಡರು. ಮೊದಲೇ ಹೋಗಿ ಹೇಳಿದ್ದು ಎಷ್ಟು ಒಳ್ಳೆಯದಾಯಿತು ಅಂತ ಆಮೇಲೆ ಗೊತ್ತಾಯಿತು.

ಸಿಸೇರಿಯನ್ ದಿನ ಒಪ್ಪಿಗೆ ಪತ್ರ ತಂದ ನರ್ಸ್ ಬೇರೆಯವರು. ಎರಡಕ್ಕೂ ಸೇರಿಸಿಯೇ ಬರೆದಿದ್ದರು. ಅವನ ಅಮ್ಮ ಪಕ್ಕದಲ್ಲೇ ನಿಂತು, "ಹಾಕು ಸಹಿ, ನನ್ನ ಸೊಸೆ ಬದುಕಲಿ" ಅಂತ ಅಳುತ್ತಿದ್ದರು. ಮಳೆಗೆ ಫೋನ್ ಸಿಗ್ನಲ್ ಇಲ್ಲ, ನಾನೂ ಇಲ್ಲ, ಫಾದರೂ ಇಲ್ಲ. ಅವನು ಒಳಗೆ ಹೋಗಿ ಹೆಂಡತಿಯನ್ನು ಇನ್ನೊಮ್ಮೆ ಕೇಳಿದ. ಅವಳು "ನೀವು ಏನು ಅಂತೀರಿ?" ಅಂದಳಂತೆ. ಅವನು "ನಾವು ಮಾತಾಡಿದ್ದೇ" ಅಂದು, ಹೊರಗೆ ಬಂದು ಎರಡನೇ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ, ಮೊದಲನೆಯದಕ್ಕೆ ದೊಡ್ಡ ಸಹಿ ಹಾಕಿದ. ನರ್ಸ್ ಜೋರು ಮಾಡಿದರು, ಕೇಸ್ ಶೀಟ್ ನೋಡಿ ಸುಮ್ಮನಾದರು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅತ್ತೆ ನಾಲ್ಕು ತಿಂಗಳು ಮಗನೊಡನೆ ಮಾತಾಡಲಿಲ್ಲ.

ಆಸ್ಪತ್ರೆ ಆದ ಮೇಲೆ

ಕಥೆ ಇಲ್ಲಿಗೆ ಮುಗಿಯಿತು ಅಂತ ಹೇಳುವವರು ತುಂಬಾ ಜನ. ನಿಜವಾದ ಕಷ್ಟ ಇಲ್ಲಿಂದ ಶುರು.

ಮೊದಲ ಆರು ತಿಂಗಳು ಅಷ್ಟು ತೊಂದರೆ ಇರಲಿಲ್ಲ. ಮಗುವಿಗೆ ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡದೆ ಇದ್ದು, ಮುಟ್ಟು ವಾಪಸ್ ಬಂದಿಲ್ಲದಿದ್ದರೆ, ಆರು ತಿಂಗಳವರೆಗೆ ಗರ್ಭ ನಿಲ್ಲುವುದು ತೀರಾ ಅಪರೂಪ, ನೂರರಲ್ಲಿ ಇಬ್ಬರಿಗಿಂತ ಕಡಿಮೆ. ಘಟ್ಟದ ಕೆಳಗಿನ ಸಿಸ್ಟರ್ ಇದನ್ನು ಚೆನ್ನಾಗಿ ಹೇಳಿಕೊಟ್ಟಿದ್ದರು. ಮಗುವಿಗೆ ರಾಗಿ ಸರಿ ಶುರು ಮಾಡಿದ ಮೇಲೆ ಹಾಳೆಯಲ್ಲಿ ಎಲ್ಲಾ ಗೊಂದಲ. ಟೀಚರ್ ಹೆದರಿ, ಸ್ವಲ್ಪ ಒದ್ದೆ ಕಂಡ ಎಲ್ಲಾ ದಿನಕ್ಕೂ ಬೇಡ ಅಂತಲೇ ಗುರುತು ಹಾಕಿದಳು. ಒಂದು ವಾರ, ಎರಡು ವಾರ, ಏಳು ವಾರ. ಅವನು ರಾತ್ರಿ ಆಟೋದಲ್ಲೇ ಮಲಗಲು ಶುರು ಮಾಡಿದ.

ಅಡಿಕೆ ಸುಲಿಯುವ ಕಾಲದಲ್ಲಿ ನನ್ನ ಯಜಮಾನರು ಅವರ ಅಂಗಳಕ್ಕೆ ಹೋಗಿದ್ದರು. ಅವನು ಅಲ್ಲಿ ಹೇಳಿಕೊಂಡ. "ಅಂಕಲ್, ನಾನೇ ಮಾಡಿಸ್ಕೊಂಡು ಬರ್ತೀನಿ. ಅವಳಿಗೆ ಗೊತ್ತಾಗೋದು ಬೇಡ. ಆಸ್ಪತ್ರೇಲಿ ದಿನ ಕೇಳಿ ಬಂದಿದ್ದೀನಿ." ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದೇ ಅಂತ ನನಗೆ ಅನಿಸುತ್ತದೆ. ಅಲ್ಲಿ ನಾನಿದ್ದಿದ್ದರೆ 14ನೇ ಭಾಗ ಹೇಳುತ್ತಿದ್ದೆನೋ ಏನೋ. ಯಜಮಾನರು ಹೇಳಲಿಲ್ಲ. ಅವನಿಗೆ ಅದು ಗೊತ್ತಿತ್ತಲ್ಲ. ಅವರು ಅವನ ಜೊತೆ ಕೂತು ಕತ್ತಲಾಗುವವರೆಗೆ ಅಡಿಕೆ ಸುಲಿದರು. ತಮ್ಮ ಮದುವೆಯಾದ ಹೊಸದರಲ್ಲಿ ಏನೇನು ಕಷ್ಟ ಆಗಿತ್ತು ಅಂತ ಹೇಳಿದರು, ನನಗೂ ಹೇಳದ ಮಾತುಗಳು. ಆಮೇಲೆ, "ಒಂದು ವಾರ ತಡಿ, ಆ ಹಾಳೆ ಸಿಸ್ಟರಿಗೆ ತೋರಿಸೋಣ" ಅಂದರು.

ಆ ಶನಿವಾರ ನಾಲ್ವರೂ ಘಟ್ಟ ಇಳಿದೆವು. ಸಿಸ್ಟರ್ ಹಾಳೆ ನೋಡಿ ಐದು ನಿಮಿಷದಲ್ಲಿ ತಪ್ಪು ಹಿಡಿದರು. ಹಾಲೂಡುವ ತಾಯಿಗೆ ವಾರಗಟ್ಟಲೆ ಒಂದೇ ಥರದ, ಬದಲಾಗದ ಸ್ರಾವ ಇದ್ದರೆ ಅದು ಗರ್ಭ ನಿಲ್ಲುವ ದಿನದ ಗುರುತಲ್ಲ. ಎರಡು ವಾರ ಗಮನಿಸಿ ಅದು ಬದಲಾಗುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು, ಬದಲಾವಣೆ ಕಂಡ ದಿನದಿಂದ ತಡೆಯಬೇಕು. ಟೀಚರ್ ಬೇಕಿಲ್ಲದ ಕಡೆಯೆಲ್ಲ ಬೇಲಿ ಹಾಕಿಕೊಂಡಿದ್ದಳು. ಏಳು ವಾರದಲ್ಲಿ ಹೆಚ್ಚಿನ ದಿನಗಳಿಗೆ ಆ ಬೇಲಿ ಬೇಕಾಗಿಯೇ ಇರಲಿಲ್ಲ. ಅವಳು ಅಲ್ಲೇ ಅತ್ತಳು, ಅವನು ನಕ್ಕ. ವಾಪಸ್ ಬರುವಾಗ ಆಗುಂಬೆಯಲ್ಲಿ ಮಂಜು, ಆಟೋದ ಲೈಟಿಗೆ ಹತ್ತಡಿ ದಾರಿ ಮಾತ್ರ ಕಾಣುತ್ತಿತ್ತು. ಇಬ್ಬರೂ ಮಾತಾಡುತ್ತಲೇ ಇದ್ದರು.

ವ್ಯಾಟಿಕನ್ನಿನ ಯಾವ ಪತ್ರವೂ ಆ ಹಾಳೆ ಓದಿ ಹೇಳಲಾರದು. ಪಕ್ಕದಲ್ಲಿ ಕೂತು ಹೇಳುವವರೊಬ್ಬರು ಬೇಕು.

ಈಗ

ನಾಲ್ಕು ವರ್ಷ ದಾಟಿದೆ. ಮೂರನೇ ಗರ್ಭ ನಿಂತಿಲ್ಲ. ಮಧ್ಯೆ ಒಮ್ಮೆ ಮುಟ್ಟು ತಡವಾಗಿ ಮೂರು ವಾರ ಇಬ್ಬರೂ ನಿದ್ದೆ ಮಾಡಲಿಲ್ಲ, ಅದೂ ಹೋಯಿತು. ಸುಲಭ ಅಂತ ಅವರು ಇವತ್ತಿಗೂ ಹೇಳುವುದಿಲ್ಲ. ಅತ್ತೆ ಮಾತಾಡುತ್ತಾರೆ, ಮೊಮ್ಮಗಳನ್ನು ಬಿಟ್ಟಿರುವುದಿಲ್ಲ. ಡಾಕ್ಟರ್ ಕಳೆದ ಸಲ ಹಾಳೆ ತೋರಿಸು ಅಂತ ಕೇಳಿ ತಿರುವಿ ನೋಡಿದರಂತೆ. ಏನೂ ಹೇಳಲಿಲ್ಲವಂತೆ.

ಶಿಬಿರದಲ್ಲಿ ಈಗ ಫಾದರ್ ಒಂದು ಗಂಟೆ ಪೂರ್ತಿ ಬೋಧನೆ ಹೇಳುತ್ತಾರೆ, ಅಪಸ್ವರದ ಇತಿಹಾಸವನ್ನೂ ಸೇರಿಸಿ. ಸಮಿತಿಯ ಸಂಗತಿ, ಕೆನಡಾದ ಸಂಗತಿ ನಾವೇ ಹೇಳಿದರೆ ಆಮೇಲೆ ಬೇರೆಯವರಿಂದ ಕೇಳಿ ಮೋಸ ಹೋದೆವು ಅಂತ ಮಕ್ಕಳಿಗೆ ಅನಿಸುವುದಿಲ್ಲ. ಅದೇ ಪತ್ರದ 17ನೇ ಭಾಗವನ್ನೂ ಓದುತ್ತಾರೆ. ಈ ದಾರಿ ತೆರೆದರೆ ಸರ್ಕಾರಗಳು ಗಂಡ ಹೆಂಡತಿಯ ನಡುವೆ ಕೈ ಹಾಕುತ್ತವೆ ಅಂತ 1968ರಲ್ಲೇ ಅಲ್ಲಿ ಎಚ್ಚರಿಸಿತ್ತು. ತುರ್ತು ಪರಿಸ್ಥಿತಿಯ 1976-77ರಲ್ಲಿ ನಮ್ಮ ದೇಶದಲ್ಲಿ 80 ಲಕ್ಷಕ್ಕೂ ಮೇಲೆ ಇಂಥ ಆಪರೇಷನ್ ಆದವು, ಎಷ್ಟೋ ಕಡೆ ಬಲವಂತದಿಂದ. ಇದನ್ನು ಕೇಳಿದಾಗ ಹಿಂದೆ ಕೂತ ಹುಡುಗರು ಮೊಬೈಲ್ ಕೆಳಗಿಡುತ್ತಾರೆ. ಆಮೇಲೆ ಟೀಚರ್ ಮತ್ತು ಇನ್ನೊಬ್ಬ ಹೆಂಗಸು ಹಾಳೆ ಹಂಚಿ ಕಲಿಸುತ್ತಾರೆ. ಗಂಡುಮಕ್ಕಳನ್ನು ನನ್ನ ಯಜಮಾನರು ಮತ್ತು ಅವಳ ಗಂಡ ಬೇರೆ ಕೂರಿಸಿಕೊಳ್ಳುತ್ತಾರೆ. ಕಳೆದ ವರ್ಷ ಹನ್ನೆರಡು ಜೋಡಿಯಲ್ಲಿ ಮೂರು ಜೋಡಿ ಮುಂದುವರಿಸಿದ್ದಾರೆ. ಉಳಿದವರು ಏನು ಮಾಡುತ್ತಾರೋ ನಾವು ಕೇಳುವುದಿಲ್ಲ, ಬಂದರೆ ಬಾಗಿಲು ತೆರೆದಿದೆ.

ಆ ಭಾಷಣಕಾರರು ಒಬ್ಬರ ಅಂತ್ಯಕ್ರಿಯೆಯಲ್ಲಿ ಸಿಕ್ಕಿದ್ದರು. ಟೀಚರ್ ವಿಷಯ ಅವರಿಗೂ ತಿಳಿದಿತ್ತು. "ನಾನು ಮೂವತ್ತು ವರ್ಷ ಅಳುವ ಹೆಂಗಸರನ್ನ ನೋಡಿದ್ದೀನಿ. ಇಲ್ಲ ಅಂತ ಹೇಳಿ ಕಳಿಸೋಕೆ ನನ್ನ ಕೈಲಿ ಆಗ್ತಿರಲಿಲ್ಲ" ಅಂದರು. ಅವರು ಕಲಿಸಿದ್ದು ತಪ್ಪು ಅಂತ ನಾನು ಈಗಲೂ ಹೇಳುತ್ತೇನೆ, ಅವರ ಎದುರಿಗೂ ಹೇಳಿದೆ. ಆದರೆ ಅವರು ಆ ತಪ್ಪಿಗೆ ಬಂದ ದಾರಿ ನನಗೆ ಆಗ ಕಾಣಿಸಿತು. ಅಳುವವರ ಪಕ್ಕ ಕೂರಲು ಅವರಿಗೂ ಯಾರೂ ಜೊತೆ ಇರಲಿಲ್ಲ.

ಕೊನೆಯ ಬೆಂಚಿನ ಆ ಹೆಂಗಸಿನ ಮನೆಗೆ ಕಡೆಗೂ ಹೋದೆ, ತುಂಬಾ ತಡವಾಗಿ. ಕಾಫಿ ಕೊಟ್ಟಳು. ನಾನು ಕ್ಷಮೆ ಕೇಳಿದೆ. ಅವಳು ಹೇಳಿದಳು: ಇಪ್ಪತ್ತಾರನೇ ವಯಸ್ಸು, ಮೂರನೇ ಹೆರಿಗೆ, ಅತ್ತೆಯೂ ನರ್ಸೂ ಸೇರಿ ತೀರ್ಮಾನ ಮಾಡಿದ್ದರು, ಎಚ್ಚರ ಆದಾಗ ಆಗಿಹೋಗಿತ್ತು, ಅವಳನ್ನು ಯಾರೂ ಕೇಳಿರಲಿಲ್ಲ. ನನ್ನ ಸಂದೇಶ ಓದಿದ ರಾತ್ರಿ ಅದು ತನ್ನದೇ ಪಾಪ ಅಂದುಕೊಂಡಿದ್ದಳು. ನನಗೆ ಮಾತು ಹೊರಡಲಿಲ್ಲ. ಫಾದರನ್ನು ಮನೆಗೆ ಕರೆದುಕೊಂಡು ಬರಲಾ ಅಂತ ಮಾತ್ರ ಕೇಳಿದೆ. ಬೇಡ, ನಾನೇ ಹೋಗ್ತೀನಿ ಅಂದಳು.

ಮುಂದಿನ ಭಾನುವಾರ ಪರಮಪ್ರಸಾದದ ಹೊತ್ತಿಗೆ ಹಿಂದಿನಿಂದ ಹೆಜ್ಜೆ ಸದ್ದು ಬಂತು. ನಾನು ತಿರುಗಿ ನೋಡಲಿಲ್ಲ.